ಗುಂಪು ಕೂಡದೆ ಜೀನ್ ತೆರೆಯದು

ಯಾವ ಕೆಲಸಕ್ಕೂ ಮೊದಲಿಗನಾಗಿ ನುಗ್ಗುವ ಧೈರ್ಯ ನನಗಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ನಾಲ್ಕು ಜನ ಕೂತ ಮೇಲೆಯೇ ನಾನು ಎಲೆ ಹುಡುಕುವುದು. ನನ್ನವಳು ಇದನ್ನು ಪುಕ್ಕಲುತನ ಎನ್ನುತ್ತಾಳೆ. ನಾನು ಬ್ಯಾಕ್ಟೀರಿಯಾದ ಗುಣ ಎನ್ನುತ್ತೇನೆ. ಹರಿಹರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಅತಿಥಿ ಉಪನ್ಯಾಸಕನಾದ್ದರಿಂದ ನನ್ನ ದುರ್ಗುಣಗಳಿಗೆಲ್ಲ ಶಾಸ್ತ್ರಾಧಾರ ಹುಡುಕಿಕೊಳ್ಳುವುದು ಸುಲಭ. ಬ್ಯಾಕ್ಟೀರಿಯಾ ಒಂಟಿಯಾಗಿರುವಾಗ ತನ್ನ ಕೆಲವು ಜೀನ್‌ಗಳನ್ನು ಮುಚ್ಚಿಕೊಂಡೇ ಇರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ ಪ್ರತಿಯೊಂದೂ ಒಂದಿಷ್ಟು ರಾಸಾಯನಿಕ ಹೊರಬಿಡುತ್ತದೆ. ಅದು ಸುತ್ತ ದಟ್ಟವಾದಾಗ 'ಓಹೋ, ನಮ್ಮವರು ಸಾಕಷ್ಟು ಸೇರಿದ್ದಾರೆ' ಎಂದು ತಿಳಿದು ಎಲ್ಲವೂ ಒಟ್ಟಿಗೇ ಆ ಜೀನ್‌ಗಳನ್ನು ತೆರೆಯುತ್ತವೆ. ಕೆಲವು ಬೆಳಕು ಬೀರುತ್ತವೆ, ಕೆಲವು ನಮ್ಮನ್ನು ಹಾಸಿಗೆ ಹಿಡಿಸುತ್ತವೆ.

ಮೊನ್ನೆ ನಾನು ಮಾಡಬೇಕಿದ್ದದ್ದು ಇದೇ ಪಾಠ. ನೋಡಲು ಹೊರಗಿನಿಂದ ಪರಿಶೀಲಕರೊಬ್ಬರು ಬರುವವರಿದ್ದರು. ಅವರು ಮೆಚ್ಚಿದರೆ ಮುಂದಿನ ವರ್ಷವೂ ಕೆಲಸ, ಇಲ್ಲವಾದರೆ ಮನೆಯಲ್ಲಿ ತರಕಾರಿ ಹೆಚ್ಚುವ ಯೋಗ. ಸರಸ್ವತಿ ನಗರದ ಮನೆಯಿಂದ ಬೇಗನೆ ಹೊರಟು ಹರಿಹರದ ಟೆಂಪೊ ಹತ್ತಿ ಕೂತೆ. ಡ್ರೈವರ್ ಖಲೀಲ್ ಭಾಯ್, "ಹರಿಹರ ಹರಿಹರ, ಈಗ ಬಿಡ್ತೈತೆ, ಬರ್ರಿ" ಎಂದು ಕೂಗುತ್ತಲೇ ಇದ್ದ. ಗಾಡಿ ತುಂಬದೆ ಅವನು ಬಿಡುವುದಿಲ್ಲ, ಬಿಡುವ ಲಕ್ಷಣ ಕಾಣದೆ ಜನ ಹತ್ತುವುದಿಲ್ಲ. ನಾನೋ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ.

ಪಕ್ಕದಲ್ಲಿ ಹದಡಿ ಊರಿನ ಅಜ್ಜಿಯೊಬ್ಬಳು ಕೂತಿದ್ದಳು. ಹರಿಹರದಲ್ಲಿ ಗಾಡಿ ಬದಲಿಸಿ ಉಕ್ಕಡಗಾತ್ರಿಗೆ ಹೋಗುವವಳು. ಮೈಮೇಲೆ ಬಂದ ದೆವ್ವವನ್ನು ಬಿಡಿಸಿಕೊಳ್ಳಲು ಜನ ಅಲ್ಲಿಯ ಅಜ್ಜಯ್ಯನ ಗುಡಿಗೆ ಹೋಗುತ್ತಾರೆಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಲೇಜಿಗೆ ಹೊರಟಿದ್ದೇನೆಂದು ಹೇಳಿ, ಅಭ್ಯಾಸವಾದೀತೆಂದು ಅಜ್ಜಿಗೇ ಪಾಠ ಶುರುಮಾಡಿದೆ.

"ಹೊಟ್ಟೆಯೊಳಗೆ ಕೋಟಿಗಟ್ಟಲೆ ಇರ್ತಾವಜ್ಜಿ. ಒಂಟಿಯಾಗಿದ್ರೆ ತೆಪ್ಪಗಿರ್ತಾವೆ. ಗುಂಪು ಕೂಡಿದ್ರೆ ಒಂದಕ್ಕೊಂದು ಮಾತಾಡ್ಕೊಂಡು ಆಟ ಶುರು ಮಾಡ್ತಾವೆ."

"ನಿನ್ನ ಹೊಟ್ಟ್ಯಾಗೂ ಅದಾವೇನಪ್ಪಾ?"

"ಇಲ್ದೆ ಏನು? ಈಗಲೂ ಮಾತಾಡ್ತಿರ್ತಾವೆ."

ಅಜ್ಜಿ ಧಡಕ್ಕನೆ ಎದ್ದಳು. "ಏ ಡ್ರೈವರಪ್ಪಾ, ಈ ಹುಡುಗನ ಮೈಯಾಗ ಒಂದಲ್ಲ, ಕೋಟಿ ಸೇರ್ಕಂಡಾವಂತೆ! ಪಾಪ, ಇವನ್ನ ಕಾಲೇಜಿಗೆ ಯಾಕ ಒಯ್ತೀರಿ? ನನ್ನ ಜೊತಿ ಅಜ್ಜಯ್ಯನ ಹತ್ರ ಕಳಿಸ್ರಿ!"

ಕೂತಿದ್ದವರೆಲ್ಲ ಒಟ್ಟಿಗೇ ಇಳಿದರು. ಖಲೀಲ್ ಭಾಯ್ ಕೈ ಮುಗಿದ. "ಸಾರ್, ಖುದಾಕೆ ವಾಸ್ತೆ ನೀವು ಇಳೀರಿ. ನೀವು ಇಳಿದ್ರೆ ಗಾಡಿ ತುಂಬ್ತೈತೆ." ಇಳಿದೆ. ನೋಡನೋಡುತ್ತಿದ್ದಂತೆ ತುಂಬಿತು, ಹೊರಟೂಬಿಟ್ಟಿತು. "ಹೆದರಬ್ಯಾಡಪ್ಪಾ, ನಿನ್ನ ಹೆಸರಲ್ಲೂ ಒಂದು ಕಾಯಿ ಒಡೆಸ್ತೀನಿ" ಎಂದು ಅಜ್ಜಿ ಕಿಟಕಿಯಿಂದ ಕೂಗಿದಳು. ನನ್ನ ಹೆಸರನ್ನೇ ಕೇಳಿರಲಿಲ್ಲ, ಪುಣ್ಯಾತ್ಗಿತ್ತಿ.

ಮುಂದಿನ ಗಾಡಿಯಲ್ಲಿ ತುಟಿ ಬಿಚ್ಚದೆ ಕೂತು ಕಾಲೇಜು ಮುಟ್ಟಿದರೆ ತರಗತಿ ಖಾಲಿ. ಕೆಲಸ ಹೋಯಿತೆಂದು ಅಳುವಂತಾಯಿತು. ನೋಡಿದರೆ ಕ್ಯಾಂಟೀನಿನಲ್ಲಿ ಇಡೀ ತರಗತಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದೆ, ನಡುವೆ ಪರಿಶೀಲಕರು!

"ನೀವು ಬರೋದು ತಡ ಆಯ್ತಲ್ಲ ಸಾರ್. ಮೊದ್ಲು ನಾವು ಮೂರ್ನಾಲ್ಕೇ ಜನ ಇದ್ವಿ, ಎದ್ದು ಬರಾಕೆ ಧೈರ್ಯ ಆಗ್ಲಿಲ್ಲ. ಕ್ಲಾಸ್ ತುಂಬಿದ ಮ್ಯಾಲೆ ಎಲ್ರೂ ಒಟ್ಟಿಗೇ ಎದ್ವಿ, ಇವರ್ನೂ ಕರ್ಕಂಡ್ ಬಂದ್ವಿ" ಎಂದಳು ಒಬ್ಬ ವಿದ್ಯಾರ್ಥಿನಿ.

ಪರಿಶೀಲಕರು ಬೆರಳ ಎಣ್ಣೆ ಒರೆಸಿಕೊಳ್ಳುತ್ತ ನನ್ನ ಕೈ ಕುಲುಕಿದರು. "ಬ್ಯಾಕ್ಟೀರಿಯಾ ಗುಂಪು ಕೂಡೋ ಪಾಠವನ್ನ ಮಕ್ಕಳು ಪ್ರಯೋಗ ಮಾಡಿ ತೋರಿಸೋ ಹಂಗೆ ಕಲಿಸೀರಿ ನೋಡ್ರಿ! ನಿಮ್ಮಂಥವರು ಇರಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪಾಠವನ್ನು ನಾನಿನ್ನೂ ಮಾಡಿಯೇ ಇಲ್ಲವೆಂಬ ಸತ್ಯ ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಹೇಳುವವರ ಪೈಕಿ ಅಲ್ಲಿ ನಾನೊಬ್ಬನೇ ಇದ್ದೆನಲ್ಲ, ಮಿರ್ಚಿಯೊಂದನ್ನು ಬಾಯಿಗಿಟ್ಟುಕೊಂಡೆ.