ಇದ್ದಿಲು ಬಸ್ಸಿನ ಸುಟ್ಟ ಕೋಳಿ

"ಈ ಸಲ ಬೀಗರ ಮನೆಗೆ ಕೋಳಿ ಹೊಗೆಯಾಡ್ತಾ ಹೋಗ್ಬೇಕು! ಇಲ್ದಿದ್ರೆ ನಾನು ಮುನಿಯಲ್ಲಪ್ಪನೇ ಅಲ್ಲ!"

ಮುಳಬಾಗಿಲಿನ ಬಸ್ ಡ್ರೈವರ್ ಮುನಿಯಲ್ಲಪ್ಪ ಮೀಸೆ ತಿರುವಿ ಘೋಷಿಸಿದ. ಕಾರಣವಿತ್ತು. ತಾಯಲೂರಿಗೆ ಕೊಟ್ಟ ಮಗಳು ಆದಿಲಕ್ಷ್ಮಿ ಬಸುರಿ. ಸುಟ್ಟ ಕೋಳಿ ಅವಳ ಬಯಕೆ. ಬಯಕೆಯ ಊಟ ತವರಿನಿಂದಲೇ ಹೋಗಬೇಕು. ಹೋದ ಸಲ ಒಯ್ದ ಕೋಳಿಯನ್ನು ಬೀಗ ದೊಡ್ಡವೆಂಕಟಪ್ಪ ಮುಟ್ಟಿ ನೋಡಿ, "ಬಾವಾ, ಪಾಪ ಕೋಳಿಗೆ ಚಳಿ ಆಗ್ತೈತೆ, ಕಂಬಳಿ ಹೊದಿಸು!" ಎಂದು ಹತ್ತು ಜನರೆದುರು ನಕ್ಕಿದ್ದ. ಮಗಳು ತಲೆ ತಗ್ಗಿಸಿದ್ದಳು. ಅಪ್ಪನಿಗೆ ಅದು ಇನ್ನೂ ಉರಿಯುತ್ತಿತ್ತು.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸು ಕುಡಿದು ಓಡುತ್ತಿದ್ದವು. ಮುನಿಯಲ್ಲಪ್ಪನ ಬಸ್ಸಿನ ಬೆನ್ನಿಗೂ ಆಳೆತ್ತರದ ಇದ್ದಿಲ ಡ್ರಮ್ಮು. "ದೇವರು ಕೊಟ್ಟ ಒಲೆ! ಓಡಾಡೋ ಒಲೆ!" ಎಂದು ಕುಲುಮೆಗೆ ಓಡಿದ. ಮುರಿದ ಸೈಕಲ್ ಕಡ್ಡಿಗಳನ್ನೆಲ್ಲ ಸೇರಿಸಿ ಜಾಲರಿ ಮಾಡಿಸಿ, ಡ್ರಮ್ಮಿನ ಕೆಂಡದ ಬಾಗಿಲಿಗೆ ಬಿಗಿದು, ವಿಶ್ವಕರ್ಮನ ತಮ್ಮನಂತೆ ಸೊಂಟಕ್ಕೆ ಕೈಕೊಟ್ಟು ನಿಂತ.

"ಏನ್ರೀ, ಇದು ಬಸ್ಸೋ, ಭಟ್ಟಿಯೋ?" ಎಂದಳು ಹೆಂಡತಿ ಗಂಗರತ್ನಮ್ಮ.

"ಮಿಷಿನ್ ವಿಚಾರ ನಿಂಗೇನೇ ಗೊತ್ತು?"

"ನಂಗೆ ಕೋಳಿ ವಿಚಾರ ಗೊತ್ತು. ನಾನು ಎತ್ತಿನ ಗಾಡೀಲಿ ಬರ್ತೀನಿ!" ಅವಳು ಮುಚ್ಚಿದ ಬುಟ್ಟಿಯೊಂದನ್ನು ಗಾಡಿಗೇರಿಸಿದಳು.

ಮಸಾಲೆ ಮೆತ್ತಿಕೊಂಡ ಮೂರು ಕೋಳಿಗಳು ಜಾಲರಿಯೇರಿದವು. ಮೊದಲ ಏರಿನಲ್ಲೇ ಬಸ್ಸು ಕೆಮ್ಮಿ, ಸೀನಿ, ನಿಂತುಬಿಟ್ಟಿತು.

"ಅಣ್ಣಾ, ಕೆಂಡದ ಬಾಗಿಲು ತೆಗೆದಿಟ್ರೆ ಗ್ಯಾಸು ಹೆಂಗ್ ಹುಟ್ತದೆ? ಮುಚ್ಚು!" ಎಂದ ಕಂಡಕ್ಟರ್ ಆವಲಪ್ಪ.

ಮುಚ್ಚಿದರೆ ಬಸ್ಸು ಓಡಿತು, ಕೋಳಿ ಬೇಯಲಿಲ್ಲ. ತೆಗೆದರೆ ಕೋಳಿ ಚುರ್ರೆಂದಿತು, ಬಸ್ಸು ನಿಂತಿತು! ತೆಗೆದು ಮುಚ್ಚಿ, ಮುಚ್ಚಿ ತೆಗೆದು, ಕೊನೆಗೆ ಕೆಂಡವೇ ಆರುತ್ತ ಬಂತು. ಪ್ರಯಾಣಿಕರು ಇಳಿದು ತಳ್ಳಿದರು. ಅಷ್ಟಿಷ್ಟು ಬೆಂದ ಕೋಳಿ ಘಮ್ಮೆನ್ನುತ್ತಿತ್ತು, ತಳ್ಳುವವರ ಮೂಗಿನ ನೇರಕ್ಕೇ ಜಾಲರಿ!

ಅಷ್ಟರಲ್ಲಿ ಎತ್ತಿನ ಗಾಡಿ ಗಂಟೆ ಆಡಿಸುತ್ತ ಪಕ್ಕಕ್ಕೆ ಬಂತು. "ಹತ್ತುತ್ತೀರಾ?" ಎಂದಳು ಗಂಗರತ್ನಮ್ಮ.

"ಡ್ರೈವರ್ ಆಗಿ ಎತ್ತಿನ ಗಾಡಿ ಹತ್ತಲಾ? ಹೋಗೇ!"

ಅವಳು ಹೋದಳು. ಏರು ಮುಗಿಯುವಷ್ಟರಲ್ಲಿ ಜಾಲರಿಯಲ್ಲಿ ಸೈಕಲ್ ಕಡ್ಡಿಗಳಷ್ಟೇ ಉಳಿದಿದ್ದವು. ತಳ್ಳಿದವರೆಲ್ಲ ಕೈ ನೆಕ್ಕುತ್ತಿದ್ದರು. "ತಳ್ಳಿದ್ದಕ್ಕೆ ಕೂಲಿ ಬೇಡ್ವಾ ಅಣ್ಣಾ?" ಎಂದು ಆವಲಪ್ಪನೂ ತೇಗಿದ!

ಇಳಿಹೊತ್ತಿನಲ್ಲಿ ಮುನಿಯಲ್ಲಪ್ಪ ಮಸಿ ಮುಖ, ಬರಿಗೈ ಹೊತ್ತು ಬೀಗರ ಹೊಸ್ತಿಲು ತುಳಿದ. ಮಗಳ ಮುಖ ನೋಡುವ ಧೈರ್ಯವಿಲ್ಲ.

"ರಾ ಬಾವಾ, ರಾ!" ಬೀಗ ಮೀಸೆ ಒರೆಸುತ್ತ ಎದ್ದ. "ಏನ್ ಕೋಳಿ ಬಾವಾ! ನಾಲಿಗೆ ಸುಟ್ಟೋಯ್ತು!"

ಒಳಗೆ ಆದಿಲಕ್ಷ್ಮಿ ಕೋಳಿಯ ತೊಡೆ ಹಿಡಿದು ನಗುತ್ತಿದ್ದಳು. ಗಂಗರತ್ನಮ್ಮ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: "ಬುಟ್ಟೀಲಿ ಎರಡು ಹುಂಜ ತಂದೆ. ಬೀಗರು ಹೊಲದಿಂದ ಬರೋಷ್ಟರಲ್ಲಿ ಹಿತ್ತಿಲಲ್ಲೇ ಸುಟ್ಟೆ. ಜೀವ ಇರೋ ಕೋಳಿ ದಾರೀಲಿ ತಣ್ಣಗಾಗಲ್ಲ ಕಣ್ರೀ! ನೀವು ಬಸ್ಸಲ್ಲಿ ಸುಟ್ಟು ನನ್ನ ಗಾಡೀಲಿ ಮುಂದೆ ಕಳಿಸಿದ್ರಿ ಅಂತ ಹೇಳಿದ್ದೀನಿ. ಸುಮ್ನೆ ಮೀಸೆ ತಿರುವಿ."

ಮುನಿಯಲ್ಲಪ್ಪನ ಕಣ್ಣು ತುಂಬಿತು. ಕೈ ಮೀಸೆಯತ್ತ ಏರಿತು. ಆಗಲೇ ಬೀಗ ಗುಡುಗಿದ: "ಬಾವಾ! ಮುಂದಿನ ತಿಂಗಳು ನಮ್ಮ ಚಿಕ್ಕ ಮಗನ ಮದುವೆ ಬೀಗರೂಟ. ಮುನ್ನೂರು ಎಲೆ! ಅಡಿಗೆಯವರನ್ನ ಬೇಡ ಅಂದ್ಬಿಟ್ಟೆ. ನಿನ್ನ ಬಸ್ಸೇ ಬರಬೇಕು!"

ಮೀಸೆಗೆ ಹೋದ ಕೈ ಅಲ್ಲೇ ನಿಂತಿತು. ಅವನು ದೀನನಾಗಿ ಹೆಂಡತಿಯತ್ತ ತಿರುಗಿದ.

"ನನ್ನೇನ್ ನೋಡ್ತೀರಿ?" ಎಂದಳು ಗಂಗರತ್ನಮ್ಮ. "ಮಿಷಿನ್ ವಿಚಾರ ನಂಗೇನ್ ಗೊತ್ತು!"