ಇದ್ದಿಲಿಗೆ ಮೈಯೆಲ್ಲ ಬಾಯಿ

ನಮ್ಮ ಸೋದರಮಾವನ ಜೊತೆ ವಾದಕ್ಕಿಳಿದು ಗೆದ್ದವರು ಇಡೀ ಮದ್ದೂರಿನಲ್ಲೇ ಇಲ್ಲ. ಅಷ್ಟು ಬುದ್ಧಿವಂತರೇ ಎಂದಿರಾ? ಛೆ! ಎದುರಿನವರ ಮಾತು ಕೇಳಿಸಿಕೊಂಡರೆ ತಾನೇ ಸೋಲುವುದು! ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬೆಳ್ಳಿಯ ಕಪ್ಪು ಗೆದ್ದ ನಾನೇ ಅವರ ಮುಂದೆ ಬಾಯಿ ಮುಚ್ಚಿದ್ದೇನೆ.

ಅವರ ಹುಚ್ಚು ಇದ್ದಿಲು. ತೆಂಗಿನ ಚಿಪ್ಪಿನ ಇದ್ದಿಲು ನೀರಿನ ಬಣ್ಣ ತೆಗೆಯುತ್ತದೆಂದು ಎಲ್ಲೋ ಕೇಳಿಬಂದರು, ಅಷ್ಟೆ. ಚಿಕ್ಕರಸಿನಕೆರೆಯ ಮದುವೆಗೆ ಹೋದವರು ಊಟ ಮರೆತು, ಅಡುಗೆಯವರು ಎಸೆದ ಚಿಪ್ಪನ್ನು ಮೂಟೆ ಕಟ್ಟಿ ಹೊತ್ತು ತಂದರು!

“ಇದ್ದಿಲಿಗೆ ಮೈಯೆಲ್ಲ ಬಾಯಿ ಕಣ್ಲಾ. ಸಣ್ ಸಣ್ ತೂತು. ಒಂದೊಂದೂ ಬಣ್ಣ ಮೇಯ್ತದೆ.”

“ಹೊಟ್ಟೆ ತುಂಬಿದ ಮೇಲೆ, ಮಾವ?”

“ಬೇರೆ ಇದ್ದಿಲು ಆಕೋದು!”

“ಮೈಯೆಲ್ಲ ಬಾಯಿ ಇರೋದು ಇದ್ದಿಲ್ಗಲ್ಲ, ನಿಮ್ಗೆ,” ಒಳಗಿನಿಂದ ಅತ್ತೆ.

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಯುದ್ಧಕಾಲ, ಕಾಫಿಪುಡಿ ಸಿಗುವುದೇ ಕಷ್ಟ. ಇಳಿಸಿಟ್ಟಿದ್ದ ಡಿಕಾಕ್ಷನ್ನನ್ನು ಮಾವ ಪರೀಕ್ಷೆಗೆಂದು ಇದ್ದಿಲ ಮಡಕೆಗೆ ಸುರಿದಿದ್ದರು. ಮತ್ತೆ ಮತ್ತೆ ಸುರಿದ ಮೇಲೆ ತಿಳಿನೀರು ಇಳಿಯಿತು. ಅತ್ತೆ ಅದಕ್ಕೇ ಹಾಲು ಬೆರೆಸಿ ಕೊಟ್ಟರೆ, ಮಾವ ಚಪ್ಪರಿಸಿಕೊಂಡು ಕುಡಿದರು!

ಬೀದಿಯ ಕೊನೆಯಲ್ಲಿ ಬಣ್ಣದ ಸಾಬರ ಮನೆ. ನೂಲಿಗೆ ಬಣ್ಣ ಹಾಕುವ ಕಸುಬು. ಅವರ ಹಂಡೆಯ ನೀರು ಚರಂಡಿಯಿಂದ ಬಾವಿಗೆ ಜಿನುಗಿ, ಬೀದಿಯವರ ಬಿಳಿಪಂಚೆಗಳೆಲ್ಲ ಗುಲಾಬಿಯಾದವು. ಬೀದಿಯ ಯಜಮಾನರಾದ ಗೌಡರು ಗುಲಾಬಿ ಪಂಚೆಯಲ್ಲೇ ಕೂತು ತೀರ್ಪು ಕೊಟ್ಟರು: “ಅಮಾಸೆ ಒಳ್ಗೆ ಚರಂಡಿಗೆ ಬಣ್ಣದ ನೀರು ಬರೋದು ನಿಲ್ಬೇಕು. ಇಲ್ದಿದ್ರೆ ಸಾಬ್ರು ಮನೆ ಕಾಲಿ ಮಾಡ್ಲಿ.”

ಮಾವ ಬಿಡುತ್ತಾರೆಯೇ? ಸಾಬರ ಹಿತ್ತಲಲ್ಲಿ ತೊಟ್ಟಿ ಕಟ್ಟಿ, ಮರಳು, ಇದ್ದಿಲು ತುಂಬಿ, ತಳಕ್ಕೊಂದು ಬಿದಿರ ಕೊಳವೆ ಇಟ್ಟು, ಕೆಂಪು ನೀರು ಸುರಿದರು. ಕೊಳವೆಯಿಂದ ಬಂದದ್ದು ಕರಿನೀರು!

“ಮಾವ, ನನಗಿಂತ ದೊಡ್ಡ ಕಪ್ಪು ಗೆದ್ದಿರಿ!” ಎಂದೆ.

“ಬೇಳೆ ತೊಳೀದೆ ಎಸರಿಗಾಕ್ತಾರಾ? ಮೊದ್ಲು ಇದ್ದಿಲ ತೊಳೀರಿ,” ಅತ್ತೆ ಬೇಲಿಯಾಚೆಯಿಂದ ಗದರಿದರು.

ಮಾವ ತೊಳೆದರು. ತೊಳೆದು ತೊಳೆದು ತಾವೇ ಇದ್ದಿಲಾದರು.

ಅಮಾವಾಸ್ಯೆಯ ಬೆಳಿಗ್ಗೆ ಬೀದಿಯೆಲ್ಲ ಸೇರಿತು. ಈ ಸಲ ತಿಳಿನೀರು ಬಂದು ತೊಟ್ಟಿಯ ಮುಂದಿನ ಕೊಳಗ ತುಂಬಿತು. ನಾನು ಸುಮ್ಮನಿರಲಾದೀತೇ? “ಕಣ್ಣಿಗೆ ತಿಳಿಯಾಗಿ ಕಂಡರೆ ಸಾಕೇ? ಬಿಳಿಬಟ್ಟೆ ಅದ್ದಿ ನೋಡಬೇಕು” ಎಂದು ವಾದ ಹೂಡಿದೆ. ಯಜಮಾನರು ತಲೆದೂಗಿದರು. ಆದರೆ ಬಿಳಿಬಟ್ಟೆ ಎಲ್ಲಿದೆ? ಬಟ್ಟೆಗೂ ರೇಷನ್ನು, ಇರುವವೆಲ್ಲ ಗುಲಾಬಿ!

“ಬುಡಿ ಗೌಡ್ರೇ,” ಸಾಬರು ತಲೆ ತಗ್ಗಿಸಿದರು. “ಕಿರುಗಾವಲಲ್ಲಿ ನೆಂಟ್ರವ್ರೆ, ಓಯ್ತೀವಿ.”

ಆಗ ಅತ್ತೆ ತಮ್ಮ ಮನೆಗೆ ಹೋಗಿ ಪೆಟ್ಟಿಗೆಯಿಂದ ತಮ್ಮ ಧಾರೆ ಸೀರೆ ತಂದರು. ಮದುವೆಯ ದಿನ ಉಟ್ಟು ಮಡಿಸಿಟ್ಟಿದ್ದ, ಹಾಲಿನಂಥ ಬಿಳಿ ಸೀರೆ. ಯಾರೂ ತಡೆಯುವ ಮೊದಲೇ ಕೊಳಗಕ್ಕೆ ಅದ್ದಿಬಿಟ್ಟರು.

“ಅಯ್ಯೋ, ಏನಮ್ಮೀ ಮಾಡ್ದೆ!” ಎಂದರು ಮಾವ.

“ನಿಮ್ ಕೈ ಇಡ್ದು ನಾನೇ ಮುಳುಗಿವ್ನಿ. ಸೀರೆ ಮುಳುಗಿದ್ರೆ ಏನಾತು?”

ಎತ್ತಿದರು. ಬಿಳಿ! ಬೀದಿ ಹೋ ಎಂದಿತು. ಮಾವ ಮಾತ್ರ ಆ ಒದ್ದೆ ಸೀರೆಯನ್ನು ಎದೆಗವಚಿಕೊಂಡರು. ನೀರು ಮಾಡದ ಕಲೆಯನ್ನು ಅವರ ಮಸಿಗೈ ಮಾಡಿತು. ಐದು ಬೆರಳೂ ಸೀರೆಯ ಮೇಲೆ ಮೂಡಿದವು.

ಸಾಬರು ಬೀದಿಯಲ್ಲೇ ಉಳಿದರು. “ಕೊಡಮ್ಮಾ, ಆ ಕಲೆ ಮುಚ್ಚೋ ಅಂಗೆ ಒಳ್ಳೆ ಬಣ್ಣ ಆಕ್ಕೊಡ್ತೀನಿ” ಎಂದು ಅವರು ಎಷ್ಟು ಕೇಳಿದರೂ ಅತ್ತೆ ಒಪ್ಪಲಿಲ್ಲ.

“ಇರ್ಲಿ ಬುಡಿ ಸಾಬ್ರೇ,” ಎಂದು ಆ ಬೆರಳುಗಳು ಒಳಗಾಗುವಂತೆ ಸೀರೆ ಮಡಿಸಿ, ಪೆಟ್ಟಿಗೆಯಲ್ಲಿಟ್ಟರು.