ಪ್ರಭಾರ ಓಟಗಾರ್ತಿ ನಂಜೇಶ್

ನಂಜನಗೂಡು–ತಿ. ನರಸೀಪುರ ಜಂಟಿ ಕ್ರೀಡೋತ್ತೇಜನ ಮಂಡಳಿಯಲ್ಲಿ ಯಾವ ಹುದ್ದೆಯೂ ಒಂದು ದಿನದ ಮಟ್ಟಿಗೂ ಖಾಲಿ ಇರತಕ್ಕದ್ದಲ್ಲ. ಇದು ನಿಯಮ. ಮಂಡಳಿಯ ಕಚೇರಿ ನಂಜನಗೂಡಿನಲ್ಲಿ, ಮೈದಾನ ನರಸೀಪುರದಲ್ಲಿ, ಅಧೀಕ್ಷಕ ನಾನು. ಹೋಟೆಲುಗಳಲ್ಲಿ ಕೂತು ಜನ ಬಾಯಿಗೆ ಬಂದದ್ದು ಆಡಿಕೊಳ್ಳುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಸಂಬಳದ ಮೇಲಿರುವ ಓಟಗಾರ್ತಿ ಒಬ್ಬಳೇ, ಹೆಡತಲೆ ಊರಿನ ಮೇಘನಾ. ಸಾವಿರದ ಐನೂರು ಮೀಟರ್ ಓಡುತ್ತಾಳೆ. ಜನವರಿಯಲ್ಲಿ ಅವಳ ಮೊಣಕಾಲು ಊದಿಕೊಂಡಿತು. ಡಾಕ್ಟರ್ ಪಲ್ಲವಿ ಚೀಟಿ ಬರೆದುಕೊಟ್ಟರು. ಎರಡು ವಾರ ಪೂರ್ತಿ ವಿಶ್ರಾಂತಿ, ಆಮೇಲೆ ನಾಲ್ಕು ವಾರ ಒಂದು ದಿನ ಓಟ ಒಂದು ದಿನ ವಿಶ್ರಾಂತಿ, ಏಳನೇ ವಾರ ಸ್ಪರ್ಧೆಗೆ ಇಳಿಯಬಹುದು. ಏಳನೇ ವಾರದ ಕೊನೆಗೇ ಮೈಸೂರಿನಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು, ಇಪ್ಪತ್ಮೂರು ವರ್ಷದೊಳಗಿನ ಮಹಿಳೆಯರಿಗೆ. ಮೇಘನಾಗೆ ಅದೇ ಕೊನೆಯ ವರ್ಷ.

"ಒಂದು ದಿನ ಓಟ, ಒಂದು ದಿನ ವಿಶ್ರಾಂತಿ ಅಂದ್ರೆ ಆಗಲ್ಲಮ್ಮ" ಎಂದೆ. "ಫಾರಂನಲ್ಲಿ ಎರಡೇ ಚೌಕ ಇರೋದು. ಕರ್ತವ್ಯ, ಇಲ್ಲಾ ರಜೆ. ಒಂದಕ್ಕೆ ಟಿಕ್ ಹಾಕು."

"ಕಾಲು ಎರಡೂ ಕೇಳ್ತಿದೆಯಲ್ಲ ಸಾರ್."

"ಕಾಲಿನಿಂದ ಯಾವ ಅರ್ಜಿಯೂ ಬಂದಿಲ್ಲ."

ಅವಳು ಆರು ವಾರದ ರಜೆಗೆ ಟಿಕ್ ಹಾಕಿದಳು. ಆವತ್ತೇ ಮಧ್ಯಾಹ್ನ ಟಪಾಲು ಗುಮಾಸ್ತ ನಂಜೇಶ್‌ಗೆ ಓಟಗಾರ್ತಿಯ ಪ್ರಭಾರ ವಹಿಸಿ ಆದೇಶ ಹೊರಡಿಸಿದೆ. ನಂಜೇಶ್ ಗಂಡಸು, ವಯಸ್ಸು ನಲವತ್ತೇಳು. ಕೆಲವರು ಇದನ್ನೇ ದೊಡ್ಡದು ಮಾಡಿದರು. ಅವರು ಆದೇಶದ ಮೂರನೇ ಕಂಡಿಕೆ ಓದಿಲ್ಲ: "ಪ್ರಭಾರದಲ್ಲಿರುವವರಿಗೆ ಮೂಲ ಹುದ್ದೆಯ ವಯಸ್ಸು, ಲಿಂಗ ಮತ್ತು ವೇಗ ಅನ್ವಯಿಸತಕ್ಕದ್ದು."

ಹುದ್ದೆಯ ಜೊತೆಗೆ ದಿನಕ್ಕೆ ಆರು ಮೊಟ್ಟೆ, ಅರ್ಧ ಲೀಟರ್ ಹಾಲೂ ನಂಜೇಶ್‌ಗೆ ಹೋಯಿತು. ಅವರ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಪಾಪ, ಕಚೇರಿಯಲ್ಲೇ ಬೇಯಿಸಿಕೊಂಡು ತಿಂದು ಹೋಗುತ್ತಿದ್ದ. ಡಾಕ್ಟರ ಚೀಟಿಯೂ ಹುದ್ದೆಗೆ ಸೇರಿದ್ದಾದ್ದರಿಂದ ವಿಶ್ರಾಂತಿಯೂ ಅವನ ಪಾಲಿಗೇ ಬಂತು. ಶಿಸ್ತಿನ ಮನುಷ್ಯ, ವಿಶ್ರಾಂತಿಯಲ್ಲಿ ಒಂದು ದಿನವೂ ತಪ್ಪಲಿಲ್ಲ.

ಇತ್ತ ಮೇಘನಾ ರಜೆಯಲ್ಲಿದ್ದುಕೊಂಡೇ, ಚೀಟಿಯಲ್ಲಿದ್ದ ಪ್ರಕಾರ ಮಲಗಿ, ನಡೆದು, ನಾಲೆ ಏರಿಯ ಮೇಲೆ ಓಡಿ ಕಾಲು ಸರಿಮಾಡಿಕೊಂಡಿದ್ದಳು. ಇದು ಅನಧಿಕೃತ. ಏಳನೇ ವಾರದ ಸೋಮವಾರ ಬಂದು ನಿಂತಳು.

"ನಂಜೇಶ್ ಪ್ರಭಾರ ಬಿಟ್ಟುಕೊಟ್ಟು ಒಂದು ಸಹಿ ಹಾಕ್ಲಿ, ಓಡು" ಎಂದೆ.

ನಂಜನಗೂಡಿನಲ್ಲಿ ಹುಡುಕಿದರೆ ನಂಜೇಶ್ ನರಸೀಪುರದಲ್ಲಿ ತರಬೇತಿಯಲ್ಲಿರುತ್ತಿದ್ದ. ನರಸೀಪುರಕ್ಕೆ ಹೋದರೆ ನಂಜನಗೂಡಿನಲ್ಲಿ ವಿಶ್ರಾಂತಿಯಲ್ಲಿರುತ್ತಿದ್ದ. ಹುಡುಗಿ ಐದು ದಿನ ಬಸ್ಸಿನಲ್ಲೇ ಸುತ್ತಿದಳು. ಅಷ್ಟರಲ್ಲಿ ನಂಜೇಶನ ಟಪಾಲು ಮೇಜು ನೋಡಿಕೊಳ್ಳುತ್ತಿದ್ದ ಅಟೆಂಡರ್ ಬೆಟ್ಟಯ್ಯ "ಸೊಂಟ ಇಡ್ಕಂಬುಡ್ತು ಸಾ" ಅಂತ ಮನೆ ಸೇರಿದ. ಹುದ್ದೆ ಖಾಲಿ ಬಿಡುವಂತಿಲ್ಲ, ಮೇಘನಾ ಕಣ್ಣೆದುರಿಗೇ ಖಾಲಿ ನಿಂತಿದ್ದಳು. ಟಪಾಲಿನ ಪ್ರಭಾರ ಅವಳಿಗೆ ವಹಿಸಿದೆ. ಅವಳ ಮೊದಲ ಕೆಲಸ, ತನ್ನದೇ ಓಟಗಾರ್ತಿ ಹುದ್ದೆಯ ಪ್ರಭಾರದ ಕಡತಕ್ಕೆ ನಂಜೇಶನ ಸಹಿ ಪಡೆಯುವುದು. ಸಹಿ ಆಗುವ ತನಕ ಕಡತವನ್ನು ಕೈಬಿಡತಕ್ಕದ್ದಲ್ಲ.

ಆಯ್ಕೆಯ ದಿನ ಮೈಸೂರಿನಲ್ಲಿ ನಾನೂ ಇದ್ದೆ. ಪಕ್ಕದಲ್ಲಿ ಮೇಘನಾಳ ತಾಯಿ ಸಣ್ಣತಾಯಮ್ಮ. ಗೆರೆಯ ಮೇಲೆ ಹನ್ನೊಂದು ಹುಡುಗಿಯರು ಮತ್ತು ನಂಜೇಶ್.

"ನಂಜೇಶಣ್ಣ, ಒಂದು ಸಹಿ ಹಾಕ್ಬಿಡಣ್ಣ. ಇದು ಬಿಟ್ರೆ ನಂಗೆ ಇನ್ನೊಂದಿಲ್ಲ ಕಣಣ್ಣ." ಮೇಘನಾ ಕಡತ ಬಿಚ್ಚಿ ಪೆನ್ನು ಮುಂದೆ ಹಿಡಿದಳು.

"ಮೂಡು ಕೆಡಿಸ್ಬೇಡ ತಾಯಿ. ಓಡ್ತಾ ಓಡ್ತಾ ನೋಡನ" ಎಂದ ನಂಜೇಶ್.

ಪಿಸ್ತೂಲು ಸಿಡಿಯಿತು. ನಂಜೇಶ್ ಓಡಿದ. ಕಡತವನ್ನು ಕಂಕುಳಲ್ಲಿಟ್ಟು, ಪೆನ್ನು ಹಿಡಿದು ಮೇಘನಾ ಅವನ ಪಕ್ಕದಲ್ಲೇ ಓಡಿದಳು. ಮೊದಲ ತಿರುವಿನಲ್ಲಿ ನಂಜೇಶ್ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಅವಳು ಒಂದು ಸಲ ಅವನನ್ನು ನೋಡಿದಳು, ಒಂದು ಸಲ ಮುಂದೆ ನೋಡಿದಳು. ಆಮೇಲೆ ತಿರುಗಲಿಲ್ಲ.

ಹನ್ನೊಂದು ಜನರನ್ನೂ ಹಿಂದೆ ಹಾಕಿದಳು. "ಓಡು ನನ್ನವ್ವಾ!" ಅಂತ ಸಣ್ಣತಾಯಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ನಾನೂ ಎದ್ದು ನಿಂತು ಕೂಗಿದೆ, ಕಣ್ಣಲ್ಲಿ ನೀರು ಬಂತು. ಇದನ್ನು ದಾಖಲೆಗೆ ತೆಗೆದುಕೊಳ್ಳತಕ್ಕದ್ದಲ್ಲ.

ಆಯ್ಕೆ ಸಮಿತಿ ಕೂತು ಪರಿಶೀಲಿಸಿತು. ಮೇಘನಾ ಸ್ಪರ್ಧಿಯಲ್ಲ. ಸ್ಪರ್ಧಿಯಾದ ನಂಜೇಶ್ ಇನ್ನೂ ತಿರುವಿನಲ್ಲೇ ಇದ್ದಾನೆ. ಆದ್ದರಿಂದ ಗೆರೆಯನ್ನು ಮೊದಲು ದಾಟಿದ್ದು ಕಡತ ಸಂಖ್ಯೆ ನೂರ ಹದಿನಾಲ್ಕು. ಒಂದು ಕಡತ ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿನಲ್ಲಿ ಅಷ್ಟು ದೂರ ಹೋದದ್ದನ್ನು ಸಮಿತಿಯ ಯಾರೂ ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಪದಕವನ್ನು ಕಡತದ ದಾರಕ್ಕೆ ಕಟ್ಟಿ, ಕಡತವನ್ನು ರಾಜ್ಯ ತಂಡಕ್ಕೆ ಆಯ್ಕೆ ಮಾಡಿದರು.

"ಅಲ್ಲಾ ಸಾ, ಓಡಿದ್ದು ನನ್ ಮಗ್ಳು ತಾನೆ?" ಎಂದಳು ಸಣ್ಣತಾಯಮ್ಮ.

"ಹೌದಮ್ಮ, ಅದನ್ನ ಯಾರೂ ಇಲ್ಲ ಅಂದಿಲ್ಲ. ಗೆದ್ದಿದ್ದು ಕಡತ."

ಈಗ ಎಲ್ಲವೂ ಸುಸೂತ್ರವಾಗಿದೆ. ಕಡತಕ್ಕೆ ಚೌಕಗಳಿರುವ ಫಾರಂ ಇಲ್ಲವಾದ್ದರಿಂದ ಡಾಕ್ಟರ್ ಪಲ್ಲವಿಯವರ ಸಲಹೆಯನ್ನು ಪೂರ್ತಿ ಜಾರಿಗೆ ತಂದಿದ್ದೇವೆ. ಒಂದು ದಿನ ಮೇಘನಾಳ ಕಂಕುಳಲ್ಲಿ ಓಟ, ಒಂದು ದಿನ ಬೀರುವಿನಲ್ಲಿ ವಿಶ್ರಾಂತಿ. ನಂಜೇಶ್ ಸಹಿ ಹಾಕಿದರೆ ಕಡತ ಮುಕ್ತಾಯವಾಗಿ ರಾಜ್ಯ ತಂಡಕ್ಕೆ ಒಬ್ಬ ಸ್ಪರ್ಧಿ ನಷ್ಟ. ಹಾಗಾಗಿ ಅವನು ಸಹಿ ಹಾಕಕೂಡದೆಂದು ಆದೇಶವಾಗಿದೆ. ಮೊಟ್ಟೆ, ಹಾಲು ಕಡತದ ಹೆಸರಿಗೆ ಬರುತ್ತಿವೆ. ಬೀರುವಿನ ಕೀಲಿ ನನ್ನ ಹತ್ತಿರ ಇರುವುದರಿಂದ ಅವನ್ನು ನಾನೇ ತೆಗೆದುಕೊಳ್ಳುತ್ತಿದ್ದೇನೆ. ಮೈ ಸ್ವಲ್ಪ ಗಟ್ಟಿಯಾಗಿದೆ.

ಮಗಳ ಜೊತೆ ಬರುವ ಸಣ್ಣತಾಯಮ್ಮ ಬೀರು ತೆಗೆಯುವಾಗ, "ಚೆನ್ನಾಗಿ ಸುಧಾರಿಸ್ಕತಾ ಸಾ?" ಅಂತ ಕೇಳುತ್ತಾಳೆ. "ಸುಧಾರಿಸ್ಕೊಳ್ತು ಕಣಮ್ಮ" ಅನ್ನುತ್ತೇನೆ. ಮೇಘನಾ ಕಡತ ತೆಗೆದುಕೊಂಡು ಮೈದಾನದ ಬಸ್ಸು ಹಿಡಿಯುತ್ತಾಳೆ. ಮೊದಮೊದಲು ಸಹಿಗೆ ಅಂತ ಪೆನ್ನನ್ನೂ ಒಯ್ಯುತ್ತಿದ್ದಳು. ಮೊನ್ನೆ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಓಡುವಾಗ ಅಡ್ಡ ಬರುತ್ತದಂತೆ.